ಬಾಂಡ್ಲಿಯಲ್ಲಿ ಉಳಿದ ಹುರುಳಿ

2025ರ ಮೇ 4, ಭಾನುವಾರ. ಹಾಸನದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ನಾಲ್ಕೂಕಾಲಿಗೆ ಅಲಾರಂ ಇಟ್ಟುಕೊಂಡು ಎದ್ದಿದ್ದೆ. ಮನೆಯವರಿಗೆ ಎಚ್ಚರ ಆಗಬಾರದು ಅಂತ ಅಡುಗೆಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ಅಮೆರಿಕದ ಕುದುರೆ ಓಟ, ಕೆಂಟಕಿ ಡರ್ಬಿ ನೋಡಿದೆ. ಅಲ್ಲಿ ಆಗ ಶನಿವಾರ ಸಂಜೆ. ಮಳೆ ಹೊಯ್ದು ಟ್ರ್ಯಾಕ್ ನಾಟಿಗೆ ಹದ ಮಾಡಿದ ಗದ್ದೆ ಹಾಗಿತ್ತು. ಕೊನೆಯ ತಿರುವು ದಾಟಿದ ಮೇಲೆ ಎರಡು ಕುದುರೆ ಪಕ್ಕಪಕ್ಕ ಬಂದವು, ಜರ್ನಲಿಸಂ ಮತ್ತು ಸಾವ್ರಿನ್ಟಿ. ಮೈಯೆಲ್ಲ ಕೆಸರು, ಯಾವುದು ಯಾವುದು ಅಂತ ಗುರುತೇ ಸಿಗುತ್ತಿರಲಿಲ್ಲ. ಕೊನೆಗೆ ಸಾವ್ರಿನ್ಟಿ ಒಂದೂವರೆ ಕುದುರೆಯಷ್ಟು ಮುಂದೆ ಹೋಗಿ ಗೆದ್ದಿತು. ಬೆಳಿಗ್ಗೆ ಕಾಫಿ ಕುಡಿಯುವಾಗ ಹೆಂಡತಿಗೆ ಹೇಳಿದೆ, ನೋಡ್ತಿರು, ಇದು ಈ ವರ್ಷದ ಮೂರೂ ದೊಡ್ಡ ಓಟ ಹೊಡೆಯುತ್ತೆ ಅಂತ.

ಮೂರು ದಿನಕ್ಕೆ ಸುದ್ದಿ ಬಂತು. ಸಾವ್ರಿನ್ಟಿ ಎರಡನೇ ಓಟಕ್ಕೆ ಬರಲ್ಲ. ತರಬೇತುದಾರ ಬಿಲ್ ಮಾಟ್ ಅದನ್ನು ನಿಲ್ಲಿಸಿಕೊಂಡು, ನೇರ ಮೂರನೇ ಓಟಕ್ಕೆ ಕರೆದುಕೊಂಡು ಹೋಗುತ್ತಾರೆ.

ನನಗೆ ಸಿಟ್ಟು ಬಂತು. ನಾನು ಮುಟ್ಟಿಲ್ಲದ, ಮುಂದೆಂದೂ ಮುಟ್ಟದ ಒಂದು ಕುದುರೆ. ಅದರ ಮೇಲೆ ಒಂದು ರೂಪಾಯಿ ಕಟ್ಟಿದವನೂ ಅಲ್ಲ. ಆದರೂ ಯಾರೋ ನನ್ನ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡ ಹಾಗಾಯಿತು. ಇಡೀ ದಿನ ಕೆಲಸದ ಮಧ್ಯೆ ಅದೇ ತಲೆಯಲ್ಲಿ. ಸಂಜೆ ಎನ್‌.ಆರ್‌. ಸರ್ಕಲ್ ಹತ್ತಿರ ಗಾಡಿ ನಿಲ್ಲಿಸಿಕೊಂಡು ಸಿಗ್ನಲ್‌ಗೆ ಕಾಯ್ತಿದ್ದಾಗ ಥಟ್ಟನೆ ಹೊಳೆಯಿತು. ಈ ಸಿಟ್ಟು ನನಗೆ ಹೊಸದಲ್ಲ. ಹದಿನೈದನೇ ವಯಸ್ಸಿನಲ್ಲಿ ಇದೇ ಸಿಟ್ಟು ನನ್ನ ದೊಡ್ಡಪ್ಪನ ಮೇಲೆ ಬಂದಿತ್ತು. ಎರಡು ದಿನ ಅವರ ಜೊತೆ ಮಾತಾಡಿರಲಿಲ್ಲ.

ಐದು ವಾರ, ಮೂರು ಓಟ

ಕುದುರೆ ಓಟದ ಗೀಳು ಇಲ್ಲದವರಿಗೆ ಎರಡು ಮಾತು. ಅಮೆರಿಕದಲ್ಲಿ ಮೂರು ವರ್ಷದ ಕುದುರೆಗಳಿಗೆ ಮೂರು ದೊಡ್ಡ ಓಟ. ಮೇ ತಿಂಗಳ ಮೊದಲ ಶನಿವಾರ ಕೆಂಟಕಿ ಡರ್ಬಿ. ಎರಡು ವಾರ ಬಿಟ್ಟು ಬಾಲ್ಟಿಮೋರ್‌ನಲ್ಲಿ ಪ್ರೀಕ್‌ನೆಸ್. ಅದಾಗಿ ಮೂರು ವಾರಕ್ಕೆ ನ್ಯೂಯಾರ್ಕ್ ಕಡೆ ಬೆಲ್ಮಾಂಟ್. ಮೂರನ್ನೂ ಗೆದ್ದರೆ ಟ್ರಿಪಲ್ ಕ್ರೌನ್. 1919ರಲ್ಲಿ ಸರ್ ಬಾರ್ಟನ್ ಅನ್ನೋ ಕುದುರೆಯಿಂದ ಶುರುವಾಗಿ 2018ರ ಜಸ್ಟಿಫೈ ತನಕ, ಈ ಕಿರೀಟ ಸಿಕ್ಕಿರೋದು ಹದಿಮೂರೇ ಕುದುರೆಗಳಿಗೆ. 1978ರಿಂದ 2015ರವರೆಗೆ, ಮೂವತ್ತೇಳು ವರ್ಷ, ಒಂದಕ್ಕೂ ಆಗಲಿಲ್ಲ.

ನಮ್ಮ ದೇಶದಲ್ಲೂ ಇಂಥ ಮೂರು ಓಟ ಇವೆ. ಆದರೆ ಉಸಿರಾಡೋಕೆ ಜಾಗ ಇದೆ. ಮುಂಬೈಯಲ್ಲಿ ಡಿಸೆಂಬರ್‌ಗೆ 2000 ಗಿನೀಸ್, ಫೆಬ್ರವರಿಗೆ ಡರ್ಬಿ, ಆಮೇಲೆ ಸೆಪ್ಟೆಂಬರ್‌ಗೆ ಪುಣೆಯಲ್ಲಿ ಸೇಂಟ್ ಲೆಜರ್. ಅಮೆರಿಕದವರು ಮಾತ್ರ ಮೂರನ್ನೂ ಐದೇ ವಾರದಲ್ಲಿ ತುರುಕಿದ್ದಾರೆ. (ಕುದುರೆ ಹುಚ್ಚು ನನಗೆ ಹತ್ತಿದ್ದು ಬಸ್ಸಿನಲ್ಲಿ. ಹಾಸನದಿಂದ ಬೆಂಗಳೂರಿಗೆ ಹೋಗುವಾಗ ಕುಣಿಗಲ್ ಬಂದ ತಕ್ಷಣ ಅಪ್ಪ ಕಿಟಕಿ ಕಡೆ ಕೈ ತೋರಿಸಿ, ಇಲ್ಲೇ ಕಣೋ ಟಿಪ್ಪು ಕಾಲದ ಕುದುರೆ ಫಾರಂ ಇರೋದು ಅನ್ನುತ್ತಿದ್ದರು. ಒಂದು ಬಾಲವೂ ಕಾಣದಿದ್ದರೂ ನಾನು ಕಣ್ಣು ಕೀಳುತ್ತಿರಲಿಲ್ಲ.)

ಹಾಗಾಗಿ ಡರ್ಬಿ ಗೆದ್ದ ಕುದುರೆ ಹದಿನಾಲ್ಕು ದಿನದಲ್ಲಿ ಮತ್ತೆ ಓಡಬೇಕಾ, ಇಲ್ಲ ನಡುವಿನದನ್ನು ಬಿಟ್ಟು ಬೆಲ್ಮಾಂಟ್‌ಗೆ ಹೋಗಬೇಕಾ ಅನ್ನೋದು ಅಲ್ಲಿನ ಜನರ ನಡುವೆ ಪ್ರತಿವರ್ಷದ ಜಗಳ. ಬಿಟ್ಟವರನ್ನು ಹೇಡಿ ಅನ್ನೋರಿದ್ದಾರೆ. ಬಿಡದವರನ್ನು ಕಟುಕ ಅನ್ನೋರೂ ಇದ್ದಾರೆ.

ನಮ್ಮೂರ ಹಬ್ಬದ ವರ್ಷ

ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕು. ದೊಡ್ಡಪ್ಪನ ಮನೆಯಲ್ಲಿ ಯಾವಾಗಲೂ ಒಂದು ಜೊತೆ ಹಳ್ಳಿಕಾರ್ ಎತ್ತು ಇರುತ್ತಿತ್ತು. ಸಂಕ್ರಾಂತಿ ಕಾಲಕ್ಕೆ ಬೂಕನಬೆಟ್ಟದ ದನದ ಜಾತ್ರೆಗೆ ಹೋಗಿ, ಟವಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡಿ ತಂದ ಜೋಡಿ ಅದು. ಒಂದರ ಹೆಸರು ದೊರೆ, ಇನ್ನೊಂದು ಮುತ್ತ. ದೊರೆ ಬೂದು ಮೈ, ಭುಜದ ಹತ್ತಿರ ಕಪ್ಪು ಬಣ್ಣ ಇಳಿದಿತ್ತು. ಮುತ್ತ ಪೂರ್ತಿ ಬಿಳಿ. ಗಾಡಿ ಹೊಡೆಯುತ್ತಿದ್ದದ್ದು ದೊಡ್ಡಪ್ಪನ ಮಗ, ನನ್ನ ಅಣ್ಣ. ಎತ್ತಿನ ಗಾಡಿ ಓಟಕ್ಕೆ ನ್ಯಾಯಾಲಯದ ತಡೆ ಬೀಳೋದಕ್ಕೆ ಇನ್ನೂ ವರ್ಷಗಳಿದ್ದವು. 2014ರಲ್ಲಿ ಅದು ನಿಂತು, 2017ರಲ್ಲಿ ನಮ್ಮ ರಾಜ್ಯ ಕಾಯ್ದೆ ತಿದ್ದಿ, 2023ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಒಪ್ಪಿದ್ದೆಲ್ಲ ಆಮೇಲಿನ ಕಥೆ.

ಆ ವರ್ಷ ಶಿವರಾತ್ರಿಗೆ ಪಕ್ಕದ ಹೋಬಳಿಯಲ್ಲಿ ನಡೆದ ಓಟದಲ್ಲಿ ನಮ್ಮ ಜೋಡಿ ಮೊದಲು ಬಂತು. ಒಂದೇ ಓಟ ಅಲ್ಲ ಅದು. ಒಂದು ಸಲಕ್ಕೆ ಎರಡು ಗಾಡಿ ಬಿಡುತ್ತಾರೆ, ಗೆದ್ದವರು ಮುಂದಿನ ಸುತ್ತಿಗೆ. ಬೆಳಿಗ್ಗೆ ಶುರುವಾದದ್ದು ಹೊತ್ತು ಮುಳುಗೋ ತನಕ. ದೊರೆ-ಮುತ್ತ ಅವತ್ತು ಐದು ಸಲ ಓಡಿದವು. ಊರಿಗೆ ಬರುವಾಗ ತಮಟೆ, ಹಾರ, ಅರಿಶಿನ. ಶಿವರಾತ್ರಿಗೂ ಯುಗಾದಿಗೂ ಒಂದು ತಿಂಗಳು. ಯುಗಾದಿಗೆ ಇನ್ನೂ ದೊಡ್ಡ ಓಟ ಇತ್ತು, ಎರಡು ಮೂರು ಜಿಲ್ಲೆಯ ಗಾಡಿಗಳು ಬರುವಂಥದ್ದು. ಇವೆರಡರ ಮಧ್ಯೆ, ಶಿವರಾತ್ರಿಯಾಗಿ ಹನ್ನೆರಡು ದಿನಕ್ಕೆ, ನಮ್ಮೂರ ಹಬ್ಬ. ನಮ್ಮೂರದ್ದೇ ಓಟ. ಆ ವರ್ಷ ಮೊದಲ ಬಾರಿ ಒಳ್ಳೆ ಬಹುಮಾನ ಇಟ್ಟಿದ್ದರು, ಬ್ಯಾನರ್ ಕಟ್ಟಿದ್ದರು. ಸ್ಕೂಲಿನಲ್ಲಿ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಹಬ್ಬಕ್ಕೆ ಎಂಟು ದಿನ ಇರುವಾಗ ಒಂದು ಬೆಳಿಗ್ಗೆ ನಾನು ಕೊಟ್ಟಿಗೆ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದೆ. ದೊಡ್ಡಪ್ಪ ಎಂದಿನ ಹಾಗೆ ಹಿಂದಿನ ರಾತ್ರಿ ಹುರುಳಿ ಇಟ್ಟಿದ್ದ ಬಾಂಡ್ಲಿಗಳನ್ನು ಎತ್ತಿಕೊಳ್ಳೋಕೆ ಬಂದರು. ಮುತ್ತನ ಬಾಂಡ್ಲಿ ನೆಕ್ಕಿ ಹೊಳೆಯುತ್ತಿತ್ತು. ದೊರೆಯದ್ದರಲ್ಲಿ ತಳಕ್ಕೆ ಅಂಟಿಕೊಂಡು ಒಂದು ಹಿಡಿ ಬೆಂದ ಹುರುಳಿ ಉಳಿದಿತ್ತು. ಒಂದೇ ಹಿಡಿ. ದೊಡ್ಡಪ್ಪ ಅದನ್ನು ಕೈಗೆ ತಗೊಂಡು ಮೂಸಿ ನೋಡಿದರು, ಹಳಸಿದೆಯಾ ಅಂತ. ಹಳಸಿರಲಿಲ್ಲ. ದೊರೆಯ ಬಾಯಿ ಹತ್ತಿರ ಹಿಡಿದರು. ಅದು ಮೂಗು ತಾಗಿಸಿ ಮುಖ ಆ ಕಡೆ ತಿರುಗಿಸಿತು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಮುಂಗಾಲುಗಳನ್ನು ಮೊಣಕಾಲಿಂದ ಗೊರಸಿನ ತನಕ ಒತ್ತುತ್ತಾ ಬಂದರು, ನಮ್ಮಜ್ಜಿ ಹಲಸಿನ ಹಣ್ಣು ಒತ್ತಿ ನೋಡುತ್ತಿದ್ದ ಹಾಗೆ. ಬಾವು ಇರಲಿಲ್ಲ. ಕುಂಟು ಇರಲಿಲ್ಲ. ನನ್ನ ಕಣ್ಣಿಗೆ ಎತ್ತು ಚೆನ್ನಾಗೇ ಇತ್ತು.

ಅವತ್ತೇ ಮಧ್ಯಾಹ್ನ ಅವರು ಪಂಚೆ ಬದಲಾಯಿಸಿ ಊರ ಯಜಮಾನರ ಮನೆಗೆ ಹೋದರು. ನಾನೂ ಹಿಂದೆ ಹೋದೆ. ಜಗುಲಿ ಮೇಲೆ ಕೂತು ನೇರವಾಗಿ ಹೇಳಿದರು, "ಈ ಸಲ ನಮ್ಮವು ಓಡಕ್ಕಿಲ್ಲ ಕಣಣ್ಣ. ದೊರೆ ಮೇವು ಬಿಟ್ಟವ್ನೆ." ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಕಂಡೋರ ಊರಲ್ಲಿ ಓಡಿಸ್ತೀಯ, ಯುಗಾದಿಗೂ ಓಡಿಸ್ತೀಯ. ನಮ್ಮೂರ ಅಮ್ಮನ ಹಬ್ಬಕ್ಕೆ ಮಾತ್ರ ನಿನ್ನ ಎತ್ತಿಗೆ ಮೈ ಸರಿ ಇರಲ್ಲ, ಅಲ್ವಾ?" ದೊಡ್ಡಪ್ಪ ಉತ್ತರ ಕೊಡಲಿಲ್ಲ. ನನಗೆ ಯಜಮಾನರ ಮಾತೇ ಸರಿ ಅನ್ನಿಸಿತು. ಬರುವಾಗ ದಾರಿಯಲ್ಲಿ ನಾನು ದೊಡ್ಡಪ್ಪನಿಗಿಂತ ಇಪ್ಪತ್ತು ಹೆಜ್ಜೆ ಹಿಂದೆ ನಡೆದೆ.

ಹಬ್ಬದ ದಿನ ಅವರು ಎರಡೂ ಎತ್ತಿನ ಮೈ ತೊಳೆದು, ಕೊಂಬಿಗೆ ಟೇಪು ಸುತ್ತಿ, ಗುಡಿ ಮುಂದೆ ತಂದು ನಿಲ್ಲಿಸಿದರು. ಪೂಜೆ ಮಾಡಿಸಿದರು. ಓಟ ಶುರುವಾಗುವ ಮೊದಲೇ ಹಗ್ಗ ಹಿಡಿದುಕೊಂಡು ಮನೆಗೆ ನಡೆಸಿಕೊಂಡು ಬಂದರು. ಜನ ನೋಡುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಜಾಸ್ತಿ ನೋವಾಯಿತು.

ಯುಗಾದಿ ಓಟದಲ್ಲಿ ನಮ್ಮ ಜೋಡಿ ಎರಡನೇ ಸುತ್ತಿಗೇ ಸೋತಿತು.

ಬಾಯಿಗೂಡದ ವಯಸ್ಸು

ಹಾಗಾದರೆ ಬಿಟ್ಟಿದ್ದರಿಂದ ಏನು ಬಂತು? ನಾನು ಆಗ ಕೇಳಿದ್ದು ಇದನ್ನೇ. ಅಮೆರಿಕದಲ್ಲೂ ಇದನ್ನೇ ಕೇಳುತ್ತಾರೆ. 2022ರಲ್ಲಿ ರಿಚ್ ಸ್ಟ್ರೈಕ್ ಅನ್ನೋ ಕುದುರೆ ಡರ್ಬಿ ಗೆದ್ದಿತು. ಬೆಟ್ಟಿಂಗ್‌ನಲ್ಲಿ ಒಂದಕ್ಕೆ ಎಂಬತ್ತು ಬೆಲೆಯ, ಯಾರೂ ಲೆಕ್ಕಕ್ಕೆ ಇಟ್ಟಿರದ ಕುದುರೆ. ಅದರ ತರಬೇತುದಾರ ಪ್ರೀಕ್‌ನೆಸ್ ಬಿಡಿಸಿದರು. ಬೆಲ್ಮಾಂಟ್‌ನಲ್ಲಿ ಅದು ಆರನೇದಾಗಿ ಬಂತು. ಬಿಟ್ಟು ಸೋತರೆ ಎರಡು ಬೈಗುಳ, ಬಿಟ್ಟಿದ್ದಕ್ಕೊಂದು, ಸೋತಿದ್ದಕ್ಕೊಂದು.

ಆದರೆ ಗೆಲುವು ಸೋಲನ್ನು ತೂಕಕ್ಕೆ ಹಾಕಿದರೆ ನಾವು ಬೇರೆ ಏನನ್ನೋ ತೂಗುತ್ತಾ ಇದ್ದೇವೆ ಅಂತ ಈಗ ಅನ್ನಿಸುತ್ತೆ. ನಮ್ಮ ಕಡೆ ದನದ ವಯಸ್ಸನ್ನು ಹಲ್ಲಲ್ಲಿ ಹೇಳುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿದ್ದು. ಬಾಯಿಗೂಡುವ ಮೊದಲು ಭಾರದ ಕೆಲಸಕ್ಕೆ ಹೂಡಿದರೆ ಹಿರಿಯರು ಬೈಯುತ್ತಿದ್ದರು. ಕುದುರೆಗೂ ಹೀಗೇ. ಮುಂದಿನ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರೋದು ಎರಡೂವರೆ ವರ್ಷಕ್ಕೆ ಒಂದು ಜೊತೆ, ಮೂರೂವರೆಗೆ ಇನ್ನೊಂದು, ನಾಲ್ಕೂವರೆಗೆ ಕೊನೇದು. ಡರ್ಬಿ ಓಡುವ ಕುದುರೆಗೆ ಮೂರು ವರ್ಷ. ದೊಡ್ಡಪ್ಪನ ಲೆಕ್ಕದಲ್ಲಿ ಅದಕ್ಕಿನ್ನೂ ಬಾಯಿಗೂಡಿಲ್ಲ.

ಆ ವಯಸ್ಸಿನ ಮೂಳೆಯೂ ಇನ್ನೂ ಗಟ್ಟಿಯಾಗುತ್ತಾ ಇರುತ್ತೆ. ಓಡುವ ಕುದುರೆ ಹೆಚ್ಚು ಕಡಿಮೆ ನಾನೂರೈವತ್ತು, ಐನೂರು ಕಿಲೋ ತೂಗುತ್ತೆ. ಪೂರ್ತಿ ವೇಗದಲ್ಲಿ ಒಂದೊಂದು ಸಲ ಆ ಭಾರವೆಲ್ಲ ಒಂದೇ ಮುಂಗಾಲಿನ ಮೇಲೆ ಬೀಳುತ್ತೆ, ಅದೂ ಮೈತೂಕದ ಎರಡೂವರೆ ಪಟ್ಟಿನಷ್ಟು ಬಲದಲ್ಲಿ. ಮೂಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಆಗುತ್ತೆ. ದೇಹ ಅದನ್ನು ರಿಪೇರಿ ಮಾಡುವ ರೀತಿ ಏನಂದರೆ, ಮೊದಲು ಹಳೇ ಮೂಳೆಯನ್ನು ಕೆರೆದು ತೆಗೆಯುತ್ತೆ, ಆಮೇಲೆ ಹೊಸದನ್ನು ತುಂಬುತ್ತೆ. ತೆಗೆಯೋ ಕೆಲಸ ಬೇಗ ಮುಗಿಯುತ್ತೆ, ತುಂಬೋ ಕೆಲಸ ನಿಧಾನ. ಗೋಡೆ ಕೆಡವಿ ಹೊಸ ಇಟ್ಟಿಗೆ ಇನ್ನೂ ಬಂದಿಲ್ಲದ ಮನೆ ಹಾಗೆ, ನಡುವಿನ ದಿನಗಳಲ್ಲಿ ಆ ಜಾಗ ಮೊದಲಿಗಿಂತ ಬಡವಾಗಿರುತ್ತೆ. ಹೊರಗಿಂದ ನೋಡಿದರೆ ಬಾವು ಇಲ್ಲ, ಕುಂಟು ಇಲ್ಲ. ಕುದುರೆ ಚೆನ್ನಾಗೇ ಇರುತ್ತೆ.

ಇಲ್ಲೇ ನಾನು ತುಂಬ ದಿನ ಸಿಕ್ಕಿಕೊಂಡಿದ್ದೆ. ದೊರೆ ಮೇವು ಬಿಟ್ಟಿತ್ತು, ಸರಿ. ಸಾವ್ರಿನ್ಟಿಗೆ ಕಾಯಿಲೆ ಅಂತ ಯಾರೂ ಹೇಳಲಿಲ್ಲ. ಈ ಕುದುರೆ ಟ್ರಿಪಲ್ ಕ್ರೌನ್ ಆದ ಮೇಲೂ ಓಡಬೇಕು, ಅದರ ಮುಂದಿನ ದಿನಗಳೂ ಮುಖ್ಯ ಅನ್ನೋದಷ್ಟೇ ಮಾಟ್ ಕೊಟ್ಟ ಕಾರಣ. ಚೆನ್ನಾಗಿರೋ ಕುದುರೆಯನ್ನು ನಿಲ್ಲಿಸೋದು ಯಾವ ನ್ಯಾಯ? ಇದನ್ನು ಕೇಳೋಕೆ ಅಂತಲೇ ಮೇ ಕೊನೆಗೆ ಊರಿಗೆ ಹೋದೆ. ದೊಡ್ಡಪ್ಪನಿಗೆ ಈಗ ಎಂಬತ್ತರ ಹತ್ತಿರ. ಜಗುಲಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಎಲ್ಲ ಹೇಳಿ, ಅಂದು ಆ ಒಂದು ಹಿಡಿ ಹುರುಳಿಗೆ ಅಷ್ಟೊಂದು ಹೆದರಿದ್ದು ಯಾಕೆ ದೊಡ್ಡಪ್ಪ ಅಂದೆ.

ಆಗ ಅವರು ನಾನು ಕೇಳದೇ ಇದ್ದ ಒಂದು ಕಥೆ ಹೇಳಿದರು. ನಾನು ಹುಟ್ಟೋದಕ್ಕೆ ಮುಂಚೆ ಅವರ ಹತ್ತಿರ ಇನ್ನೊಂದು ಎತ್ತಿತ್ತಂತೆ. ಒಂದೇ ತಿಂಗಳಲ್ಲಿ ಮೂರು ಕಡೆ ಓಡಿಸಿದ್ದರಂತೆ. ಮೂರನೇ ಕಡೆ ಅರ್ಧ ದಾರಿಯಲ್ಲಿ ಅದರ ಕಾಲು ಹೋಯಿತು. ಸದ್ದು ಕೇಳಿಸಿತು ಅಂದರು. ಒಣಗಿದ ತೊಗರಿ ಕಡ್ಡಿ ಮುರಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಅಂದರು, "ಅವನು ಹಿಂದಿನ ರಾತ್ರಿ ಬಾಂಡ್ಲಿ ನೆಕ್ಕಿ ಇಟ್ಟಿದ್ದ ಕಣಪ್ಪ. ಒಂದು ಕಾಳೂ ಬಿಟ್ಟಿರಲಿಲ್ಲ."

ಎತ್ತು ಹೇಳಲಿ, ಆಮೇಲೆ ನಿಲ್ಲಿಸೋಣ ಅಂತ ಅವರು ಕಾದಿದ್ದರು. ಅದು ಹೇಳದೆ ಹೋಯಿತು. ಆಮೇಲೆ ಮೂವತ್ತು ವರ್ಷ ಅವರು ಒಂದು ಹಿಡಿ ಹುರುಳಿ ಉಳಿದರೂ ಓಟ ಬಿಡಿಸುತ್ತಿದ್ದರು. ಬಿಲ್ ಮಾಟ್ ಕೂಡ 2019ರಲ್ಲಿ ಕಂಟ್ರಿ ಹೌಸ್ ಅನ್ನೋ ಕುದುರೆಯಿಂದ ಡರ್ಬಿ ಗೆದ್ದವರು. ಮೊದಲು ಬಂದ ಕುದುರೆಯನ್ನು ಅನರ್ಹ ಮಾಡಿದ್ದರಿಂದ ಸಿಕ್ಕ ಗೆಲುವು ಅದು. ಆ ಕುದುರೆಗೆ ಕೆಮ್ಮು ಶುರುವಾಗಿ ಪ್ರೀಕ್‌ನೆಸ್ ತಪ್ಪಿತು. ಆಮೇಲೆ ಅದು ಓಡಲೇ ಇಲ್ಲ, ಜೀವಮಾನದಲ್ಲಿ ಇನ್ನೊಂದು ಓಟ ಕೂಡ. ಅದಕ್ಕೂ 2025ರ ತೀರ್ಮಾನಕ್ಕೂ ನಂಟು ಕಟ್ಟೋಕೆ ನಾನು ಯಾರು. ಆದರೆ ಅಂಥದ್ದನ್ನು ಕೊಟ್ಟಿಗೆಯಲ್ಲಿ ನಿಂತು ನೋಡಿದ ಮನುಷ್ಯ ಅವರು.

ಊರಿನವರ ನೋವು

ಹಾಗಂತ ಯಜಮಾನರ ಮಾತನ್ನು ತಳ್ಳಿಹಾಕಲು ನನಗೆ ಇವತ್ತಿಗೂ ಮನಸ್ಸಿಲ್ಲ. ಎಲ್ಲರೂ ಹೀಗೇ ಬಿಟ್ಟಿದ್ದರೆ ನಮಗೆ 1978 ಸಿಗುತ್ತಿರಲಿಲ್ಲ. ಆ ವರ್ಷ ಅಫರ್ಮ್ಡ್ ಮತ್ತು ಆಲಿಡಾರ್ ಅನ್ನೋ ಕುದುರೆಗಳು ಮೂರು ಓಟದಲ್ಲೂ ಎದುರಾದವು. ಮೊದಲನೇದರಲ್ಲಿ ಒಂದೂವರೆ ಕುದುರೆ ಅಂತರ, ಎರಡನೇದರಲ್ಲಿ ಒಂದು ಕತ್ತಿನಷ್ಟು, ಮೂರನೇದರಲ್ಲಿ ಒಂದು ತಲೆಯಷ್ಟು. ಮೂರೂ ಸಲ ಆಲಿಡಾರ್ ಎರಡನೇದು. ಆ ಬೆಲ್ಮಾಂಟ್ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ, ಈಗಲೂ ಕೊನೆಯಲ್ಲಿ ಉಸಿರು ಹಿಡಿಯುತ್ತೇನೆ. 1948ರ ಸೈಟೇಶನ್ ಅಂತೂ ಬಿಡುವ ಮಾತು ಹಾಗಿರಲಿ, ಪ್ರೀಕ್‌ನೆಸ್‌ಗೂ ಬೆಲ್ಮಾಂಟ್‌ಗೂ ನಡುವೆ ನ್ಯೂಜೆರ್ಸಿಯಲ್ಲಿ ಇನ್ನೊಂದು ಓಟ ಓಡಿ ಗೆದ್ದು ಬಂದಿತ್ತು! ಮೂರನ್ನೂ ಗೆದ್ದಿತು ಕೂಡ. ಮಾರನೇ ವರ್ಷ, 1949 ಪೂರ್ತಿ, ಕಾಲಿನ ತೊಂದರೆಯಿಂದ ಒಂದು ಓಟಕ್ಕೂ ಇಳಿಯಲಿಲ್ಲ ಅನ್ನೋದನ್ನು ಅಭಿಮಾನಿಗಳು ಅಷ್ಟಾಗಿ ಹೇಳಲ್ಲ.

2025ರಲ್ಲೂ ಜರ್ನಲಿಸಂ ಮೂರೂ ಓಡಿತು. ಆ ವರ್ಷ ಮೂರೂ ಓಡಿದ್ದು ಅದೊಂದೇ. ಪ್ರೀಕ್‌ನೆಸ್‌ನ ಕೊನೆಯಲ್ಲಿ ಎರಡು ಕುದುರೆಗಳ ಮಧ್ಯೆ ಸಿಕ್ಕಿ, ಮೈಗೆ ಮೈ ತಾಗಿ, ಆಯಿತು ಹೋಯಿತು ಅನ್ನುವಾಗ ಬಿಡಿಸಿಕೊಂಡು ಬಂದು ಗೆದ್ದಿತು. ಜುಲೈನಲ್ಲಿ ಹ್ಯಾಸ್ಕೆಲ್ ಓಟವನ್ನೂ ಗೆದ್ದಿತು. ಮೂರು ಓಡಿದ ಕುದುರೆ ಮುರಿದೇ ಹೋಗುತ್ತೆ ಅಂತೇನಿಲ್ಲ. ಸಾವ್ರಿನ್ಟಿ ಬಂದಿದ್ದರೆ ಆ ದಿನ ಇನ್ನೂ ಏನಾಗುತ್ತಿತ್ತೋ ಅನ್ನೋ ಆಸೆ ನನ್ನಲ್ಲಿ ಇದ್ದೇ ಇದೆ.

ನನಗೆ ಇನ್ನೂ ಚುಚ್ಚೋದು ಬಾಲ್ಟಿಮೋರ್‌ನವರ ವಿಷಯ. ಆ ವರ್ಷದ್ದು ನೂರೈವತ್ತನೇ ಪ್ರೀಕ್‌ನೆಸ್. ಪಿಮ್ಲಿಕೊ ಅನ್ನೋ ಆ ಹಳೇ ಮೈದಾನವನ್ನು ಕೆಡವಿ ಹೊಸದು ಕಟ್ಟೋಕೆ ಮುಂಚಿನ ಕೊನೇ ಪ್ರೀಕ್‌ನೆಸ್ ಕೂಡ ಹೌದು. ಅಂಥ ಹಬ್ಬಕ್ಕೆ ಡರ್ಬಿ ಗೆದ್ದ ಕುದುರೆ ಇಲ್ಲ. ಅಲ್ಲಿನ ಯಾವುದಾದರೂ ಜಗುಲಿ ಮೇಲೆ ಕೂತ ಒಬ್ಬ ಹಿರಿಯ, ನಮ್ಮೂರ ಯಜಮಾನರ ಹಾಗೆ, ನಮ್ಮ ಹಬ್ಬಕ್ಕೆ ಮಾತ್ರ ಮೈ ಸರಿ ಇರಲ್ಲ ಅಲ್ವಾ ಅಂದಿರುತ್ತಾರೆ. ಆ ಮಾತಿಗೆ ಏನು ಹೇಳೋಣ?

ನನ್ನ ಮಟ್ಟಿಗೆ ಹೇಳಬಹುದಾದದ್ದು ಇಷ್ಟು. ಬಿಡೋ ಹಕ್ಕು ಹಗ್ಗ ಹಿಡಿದವನದ್ದು. ಕುದುರೆಗೆ ಬೇಡ ಅನ್ನೋಕೆ ಬಾಯಿಲ್ಲ. ಓಡು ಅಂದರೆ ಅದು ಓಡಿಯೇ ಓಡುತ್ತೆ, ಅದಕ್ಕೇ ಬೇಡ ಅನ್ನೋ ಕೆಲಸ ಅವನ ತಲೆ ಮೇಲೆ. ಆದರೆ ಹಬ್ಬ ಮಾಡುವ ಊರಿಗೂ ಅವನು ಒಂದು ಸಾಲ ತೀರಿಸಬೇಕು. ಮೊದಲೇ ಹೇಳಬೇಕು, ತಾನೇ ಹೋಗಿ ಹೇಳಬೇಕು, ನಿಜವಾದ ಕಾರಣ ಹೇಳಬೇಕು. ದೊಡ್ಡಪ್ಪ ಎಂಟು ದಿನ ಮುಂಚೆ ಪಂಚೆ ಬದಲಾಯಿಸಿಕೊಂಡು ಹೋಗಿದ್ದರು. ಮಾಟ್ ಮೂರು ದಿನಕ್ಕೆ ಹೇಳಿದರು, ಇಲ್ಲದ ಕಾಯಿಲೆಯ ನೆಪ ಹೂಡಲಿಲ್ಲ. ಉಳಿದದ್ದನ್ನು ದಿನಾಂಕ ಇಡುವವರು ನೋಡಿಕೊಳ್ಳಬೇಕು. ಪ್ರೀಕ್‌ನೆಸ್ ಅನ್ನು ಮುಂದಕ್ಕೆ ಹಾಕಬೇಕು ಅನ್ನೋ ಮಾತು ಅಲ್ಲಿ ವರ್ಷಗಳಿಂದ ನಡೆಯುತ್ತಿದೆ. ಎರಡು ವಾರ ಅನ್ನೋದು ದೇವರು ಬರೆದದ್ದೇನಲ್ಲ. ಸರ್ ಬಾರ್ಟನ್ ಕಾಲದಲ್ಲಿ ಡರ್ಬಿಗೂ ಪ್ರೀಕ್‌ನೆಸ್‌ಗೂ ಅಂತರ ಇದ್ದದ್ದು ನಾಲ್ಕೇ ದಿನ. ಅದನ್ನು ಬದಲಾಯಿಸಿದವರು ಇದನ್ನೂ ಬದಲಾಯಿಸಬಹುದು. ಡರ್ಬಿ ಗೆದ್ದ ಕುದುರೆಯ ಮಾಲೀಕ ಎರಡನೇ ಓಟ ಬಿಡೋಕೆ ಯೋಚಿಸಬೇಕಾಗಿ ಬಂದರೆ, ತಪ್ಪನ್ನು ಅವನಲ್ಲಿ ಹುಡುಕುವ ಮೊದಲು ಕ್ಯಾಲೆಂಡರ್‌ನಲ್ಲಿ ಹುಡುಕಬೇಕು.

ಜೂನ್ 8ರ ಬೆಳಗಿನ ಜಾವ

ಬೆಲ್ಮಾಂಟ್ ದಿನ ನಾನು ಊರಲ್ಲೇ ಇದ್ದೆ. ಹೊರಗೆ ಮಳೆ ಹನಿಯುತ್ತಿತ್ತು. ದೊಡ್ಡಪ್ಪ ನಾಲ್ಕಕ್ಕೇ ಎದ್ದಿದ್ದರು, ವಯಸ್ಸಾದ ಮೇಲೆ ಅವರ ನಿದ್ದೆ ಅಷ್ಟೇ. ಮೊಬೈಲನ್ನು ಲೋಟಕ್ಕೆ ಒರಗಿಸಿ ಇಬ್ಬರೂ ನೋಡಿದೆವು. ಸಾವ್ರಿನ್ಟಿ ಮೂರು ಕುದುರೆಯಷ್ಟು ಅಂತರದಲ್ಲಿ ಗೆದ್ದಿತು, ಜರ್ನಲಿಸಂ ಎರಡನೇದು, ಬಾಯ್ಜಾ ಮೂರನೇದು. ಡರ್ಬಿಯಲ್ಲಿ ಬಂದ ಅದೇ ಸಾಲು. ನಾನು ಚಪ್ಪಾಳೆ ಹೊಡೆದೆ. ದೊಡ್ಡಪ್ಪ ಗೆದ್ದದ್ದನ್ನು ಅಷ್ಟಾಗಿ ನೋಡಲೇ ಇಲ್ಲ. ಓಟ ಮುಗಿದ ಮೇಲೆ ಕುದುರೆಯನ್ನು ನಿಧಾನ ಮಾಡಿಸಿ ತಿರುಗಿಸಿಕೊಂಡು ಬರುತ್ತಾರಲ್ಲ, ಅದನ್ನು ನೋಡಿದರು. ಕನ್ನಡಕ ಹಣೆಗೆ ಏರಿಸಿ ಪರದೆಗೆ ಮುಖ ತಂದು, "ಆ ಬಿಳಿ ಟೋಪಿಯವ್ನು ಅಡ್ಡ ಬಂದ. ಕಾಲು ಹೆಂಗೆ ಇಡ್ತದೆ ನೋಡನ, ಇನ್ನೊಂದ್ಸಲ ಹಾಕು" ಅಂದರು. ಮೂರು ಸಲ ಹಾಕಿದೆ.

ಆಗಸ್ಟ್‌ನಲ್ಲಿ ಅದು ಟ್ರಾವರ್ಸ್ ಓಟವನ್ನು ಹತ್ತು ಕುದುರೆ ಅಂತರದಲ್ಲಿ ಗೆದ್ದಾಗ ಫೋನ್ ಮಾಡಿ ಹೇಳಿದೆ. ಒಳ್ಳೇದಾಯ್ತು ಅಂದರು. ವರ್ಷದ ಕೊನೆಯ ದೊಡ್ಡ ಓಟ, ಬ್ರೀಡರ್ಸ್ ಕಪ್ ಕ್ಲಾಸಿಕ್, ನವೆಂಬರ್ ಮೊದಲ ದಿನ. ಅದಕ್ಕೆ ಕೆಲವೇ ದಿನ ಇರುವಾಗ ಸಾವ್ರಿನ್ಟಿಗೆ ಜ್ವರ ಬಂತು. ಓಡಿಸಲಿಲ್ಲ. ಅವತ್ತು ಸಂಜೆ ಮತ್ತೆ ಫೋನ್ ಮಾಡಿದೆ.

"ಮೇವು ಬಿಟ್ಟಿತ್ತಾ?" ಅಂತ ಕೇಳಿದರು.

ಜ್ವರ ಅಂತ ಹಾಕಿದ್ದಾರೆ ದೊಡ್ಡಪ್ಪ, ಮೇವಿನ ವಿಷಯ ಬರೆದಿಲ್ಲ ಅಂದೆ.

"ಬಿಟ್ಟಿರ್ತದೆ" ಅಂದರು. ಆಮೇಲೆ ರಾಗಿ ತೆನೆ ಬಲಿತಿದೆ, ಕೊಯ್ಲಿಗೆ ಯಾವಾಗ ಬರ್ತೀಯ ಅಂತ ಕೇಳಿದರು.